ಮೂರು ಫ್ಯಾನಿನ ಹಡಗಿಗೆ ಯಾವ ಇಂಜಿನ್?

ದೊಡ್ಡ ಆರ್‌ಸಿ ಬೋಟ್, ಅಂದರೆ ರಿಮೋಟಿನಲ್ಲಿ ಓಡುವ ಮಾದರಿ ಹಡಗು, ಕಟ್ಟುತ್ತಿದ್ದೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಮಾತು: "ಪೆಟ್ರೋಲ್ ಇಂಜಿನ್ ಹಾಕ್ತೀರಾ?" ಆರಡಿ ದಾಟಿತು ಅಂದರೆ ಸದ್ದು ಮಾಡುವ ಇಂಜಿನ್ನೇ ಬೇಕು ಅನ್ನೋ ನಂಬಿಕೆ. ನನಗೂ ಆ ಆಸೆ ಇತ್ತು. ಕೊನೆಗೆ ಹಾಕಿದ್ದು ಮೂರು ವಿದ್ಯುತ್ ಮೋಟಾರ್. ಆಯ್ಕೆ ಮಾಡಿದ್ದು ಆಸೆಯಲ್ಲ, ಲೆಕ್ಕ.

ನಾನು ಕಟ್ಟಿದ್ದು ಐಎನ್‌ಎಸ್ ಚಪಲ್. ಕಾರವಾರದವರಿಗೆ ಹೇಳಬೇಕಾಗಿಲ್ಲ, ಟಾಗೋರ್ ಕಡಲತೀರದಲ್ಲಿ ನಿಂತಿರುವ ಅದೇ 'ವಾರ್‌ಶಿಪ್'. 1976ರಿಂದ 2005ರವರೆಗೆ ನೌಕಾಪಡೆಯಲ್ಲಿ ದುಡಿದ ಕ್ಷಿಪಣಿ ದೋಣಿ, ರಷ್ಯದವರ ಓಸಾ ಮಾದರಿ. ಉದ್ದ ಸುಮಾರು 38.6 ಮೀಟರ್. ಮೂರು ಡೀಸೆಲ್ ಇಂಜಿನ್, ಒಂದೊಂದೂ 5,000 ಅಶ್ವಶಕ್ತಿ, ಮೂರು ಶಾಫ್ಟ್, ಮೂರು ಫ್ಯಾನ್ (ನೀರು ತಳ್ಳುವ ಪ್ರೊಪೆಲ್ಲರ್). ಇಪ್ಪತ್ತರಲ್ಲಿ ಒಂದರ ಅಳತೆಗೆ ಇಳಿಸಿದರೆ ಮಾದರಿಯ ಉದ್ದ 193 ಸೆಂ.ಮೀ. ಬರುತ್ತದೆ. ನಮ್ಮ ವರಾಂಡದಲ್ಲಿ ಅಡ್ಡ ಇಟ್ಟರೆ ಚಪ್ಪಲಿ ಬಿಡಲೂ ಜಾಗ ಇಲ್ಲ.

ಈಗ ಲೆಕ್ಕ. ಉದ್ದ 20 ಪಟ್ಟು ಕಡಿಮೆ ಆದರೆ ತೂಕ 20×20×20, ಅಂದರೆ 8,000 ಪಟ್ಟು ಕಡಿಮೆ. ಪೂರ್ತಿ ಹೊರೆ ಹೊತ್ತ ಅಸಲಿ ಹಡಗು ಸುಮಾರು 240 ಟನ್. ಹಾಗಾಗಿ ಮಾದರಿ 30 ಕಿಲೋ ತೂಗಿದರೆ ಮಾತ್ರ ನೀರಿನ ಗೆರೆಗೆ ಸರಿಯಾಗಿ ಕೂರುತ್ತದೆ. ವೇಗ ಹಾಗಲ್ಲ. ಅದು 20ರ ವರ್ಗಮೂಲದಷ್ಟು, ಅಂದರೆ ನಾಲ್ಕೂವರೆ ಪಟ್ಟಿನಷ್ಟು ಮಾತ್ರ ಇಳಿಯುತ್ತದೆ. ಹಡಗಿಗೆ 37 ನಾಟ್ ಹಿಡಿದರೆ ಮಾದರಿಗೆ ಎಂಟು ನಾಟ್ ಚಿಲ್ಲರೆ, ಗಂಟೆಗೆ 15 ಕಿ.ಮೀ. ಇಷ್ಟು ಓಡಿದರೆ ಮೂತಿಯ ಅಲೆ ನೋಡಲು ಅಸಲಿಯ ಹಾಗೇ ಕಾಣುತ್ತದೆ. ಅದಕ್ಕಿಂತ ಜೋರಾಗಿ ಓಡಿಸಿದರೆ ಆಟಿಕೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಶಕ್ತಿಯ ಲೆಕ್ಕ ಮಾತ್ರ ನನ್ನನ್ನೇ ಬೆಚ್ಚಿಬೀಳಿಸಿತು. ತೂಕದ 8,000ವನ್ನು ವೇಗದ ನಾಲ್ಕೂವರೆಯಿಂದ ಗುಣಿಸಿದರೆ ಸುಮಾರು 36,000. ಹದಿನೈದು ಸಾವಿರ ಅಶ್ವಶಕ್ತಿಯನ್ನು ಅದರಿಂದ ಭಾಗಿಸಿ ನೋಡಿ. ಅರ್ಧ ಅಶ್ವಶಕ್ತಿಯೂ ಇಲ್ಲ! ಸುಮಾರು 310 ವಾಟ್, ಅಡುಗೆಮನೆಯ ಮಿಕ್ಸಿಗಿಂತ ಕಡಿಮೆ. ಆದರೆ ಸಣ್ಣ ಫ್ಯಾನ್ ದೊಡ್ಡ ಫ್ಯಾನಿನಷ್ಟು ಚೆನ್ನಾಗಿ ನೀರು ತಳ್ಳುವುದಿಲ್ಲ. ಸಣ್ಣ ಹಡಗಿನ ಒಡಲಿನ ಮೇಲೆ ನೀರಿನ ತಿಕ್ಕಾಟವೂ ಲೆಕ್ಕಕ್ಕಿಂತ ಜಾಸ್ತಿ. ಅದಕ್ಕೇ ನಾನು ಎರಡರಷ್ಟು ಹಿಡಿದೆ: ಒಟ್ಟು 600 ವಾಟ್, ಶಾಫ್ಟಿಗೆ 200.

ಬೈತಕೋಲ ಬಂದರಿನ ಟ್ರಾಲ್ ಬೋಟಿನ ಮಾದರಿ ಆಗಿದ್ದರೆ ಇಷ್ಟೂ ಬೇಡ. ಅವು ನಿಧಾನದ ದೋಣಿಗಳು. ಆರಡಿಯ ಮಾದರಿ ಮೂರು ನಾಟ್ ಸುಮಾರಿಗೆ ಓಡಿದರೆ ಸಾಕು. ಗುಜರಿಯಿಂದ ತಂದ ಕಾರಿನ ರೇಡಿಯೇಟರ್ ಫ್ಯಾನ್ ಮೋಟಾರ್ ಒಂದೇ ಅದನ್ನು ಎಳೆಯುತ್ತದೆ. ಒಂದೇ ಎಚ್ಚರ: ಆ ಮೋಟಾರುಗಳು ಒಂದೇ ದಿಕ್ಕಿಗೆ ತಿರುಗಲು ಮಾಡಿದವು. ಕೆಲವು ಉಲ್ಟಾ ತಿರುಗಿಸಿದಾಗ ಕರೆಂಟ್ ಜಾಸ್ತಿ ತಿನ್ನುತ್ತವೆ. ವೈಪರ್ ಮೋಟಾರ್ ಹಾಕೋಣ ಅನ್ನುವವರೂ ಇದ್ದಾರೆ. ಅದರ ಗೇರು ನಿಮಿಷಕ್ಕೆ ಐವತ್ತು ಸುತ್ತಿನ ಸುತ್ತಮುತ್ತ ಇಳಿಸಿಬಿಡುತ್ತದೆ. ಫ್ಯಾನಿಗೆ ಅದು ಏನೂ ಅಲ್ಲ.

ಇನ್ನು ಪೆಟ್ರೋಲ್ ವಿಷಯ. ಸಿರ್ಸಿಯ ಮಾವನ ತೋಟದಲ್ಲಿ ಕಳೆ ಕತ್ತರಿಸುವ ಮಷಿನ್ ಇದೆ. ಹೋಂಡಾ ಜಿಎಕ್ಸ್35, ನಾಲ್ಕು ಸ್ಟ್ರೋಕ್, 35.8 ಸಿಸಿ. "ತಗೊಂಡ್ ಹೋಗೋ, ಮಳೆಗಾಲದ ಒಳಗೆ ವಾಪಸ್ ತಂದ್ರೆ ಆತು" ಅಂದ ಮಾವ. ಬಿಚ್ಚಿ ಮೇಜಿನ ಮೇಲಿಟ್ಟು ತುಂಬಾ ಹೊತ್ತು ನೋಡಿದೆ. ಶಕ್ತಿ ಹತ್ತಿರ ಹತ್ತಿರ ಒಂದು ಕಿಲೋವಾಟ್, ನನಗೆ ಬೇಕಾದ್ದಕ್ಕಿಂತ ಜಾಸ್ತಿಯೇ. ತೂಕ ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು, ಅದೂ ಪರವಾಗಿಲ್ಲ. ತೊಡಕು ಬೇರೆ ಕಡೆ ಇತ್ತು.

ಒಂದು ಇಂಜಿನ್ನಿನಿಂದ ಮೂರು ಶಾಫ್ಟ್ ತಿರುಗಿಸಬೇಕು ಅಂದರೆ ಬೆಲ್ಟು, ಪುಲ್ಲಿ, ಬೇರಿಂಗು ಬೇಕು. ಇಂಜಿನ್ನಿಗೆ ರಿವರ್ಸ್ ಇಲ್ಲ. ಕಳೆ ಮಷಿನ್ನಿನ ಕ್ಲಚ್ಚು ಸುಮಾರು 4,000 ಸುತ್ತು ದಾಟಿದ ಮೇಲೇ ಹಿಡಿಯುವುದು, ಹಾಗಾಗಿ ದಡದ ಹತ್ತಿರ ಮೆಲ್ಲಗೆ ಹೋಗುವ ಮಾತೇ ಇಲ್ಲ. ಉಸಿರಾಡಲು ಇಂಜಿನ್ನಿಗೆ ಗಾಳಿ ಬೇಕು, ಅದಕ್ಕೆ ಡೆಕ್ಕಿನಲ್ಲಿ ತೂತು ಬೇಕು, ತೂತು ಬಿಟ್ಟರೆ ನೀರೂ ಬರುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡಲು ಡೆಕ್ಕನ್ನೇ ಎತ್ತಬೇಕು. ಸೈಲೆನ್ಸರಿನ ಬಿಸಿ, ಮುಚ್ಚಿದ ಒಡಲಿನೊಳಗೆ ಪೆಟ್ರೋಲಿನ ಆವಿ, ನಡುಕಕ್ಕೆ ಸಡಿಲವಾಗುವ ಸ್ಕ್ರೂಗಳು. ರೇಸಿಂಗ್ ಬೋಟಿಗೆ ಸಿಗುವ ನೀರಿನಿಂದ ತಂಪಾಗುವ 26 ಸಿಸಿ ಎರಡು ಸ್ಟ್ರೋಕ್ ಇಂಜಿನ್ ಇದಕ್ಕಿಂತ ಚೆನ್ನ. ಒಂದೇ ಫ್ಯಾನ್, ಜೋರು ಓಟ ಬೇಕಿದ್ದವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಮೆಥನಾಲ್ ಕುಡಿಯುವ ಗ್ಲೋ ಇಂಜಿನ್ ನಾನು ಯೋಚಿಸಲೂ ಇಲ್ಲ. ಆ ಇಂಧನ ವಿಷ, ಮನೆಯಲ್ಲಿ ಮಕ್ಕಳಿದ್ದಾರೆ.

ಮಾವನ ಮಷಿನ್ ಮಳೆಗೆ ಮೊದಲೇ ತೋಟಕ್ಕೆ ಹೋಯಿತು.

ವಿದ್ಯುತ್ ಅಂತ ಆದ ಮೇಲೆ ಯಾವ ಮೋಟಾರ್? ಇಲ್ಲಿ ನಾನು ಫ್ಯಾನಿನಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಹಡಗಿನ ಹಿಂಭಾಗದಲ್ಲಿ ಮೂರು ಫ್ಯಾನ್ ಕೂರಬೇಕು, ಹಾಗಾಗಿ ಒಂದೊಂದು 55 ಮಿ.ಮೀ., ಹಿತ್ತಾಳೆಯದು. ಪಿಚ್ಚೂ ಅಷ್ಟೇ. ಅಂದರೆ ಒಂದು ಸುತ್ತಿಗೆ 55 ಮಿ.ಮೀ. ಮುಂದೆ ಹೋಗಬೇಕು, ಆದರೆ ಮೂವತ್ತು ಪರ್ಸೆಂಟ್ ಜಾರುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 15 ಕಿ.ಮೀ. ಬೇಕಾದರೆ ನಿಮಿಷಕ್ಕೆ ಸುಮಾರು 6,500 ಸುತ್ತು. ಬ್ಯಾಟರಿ 25.6 ವೋಲ್ಟ್. ಹೊರೆ ಬಿದ್ದಾಗ ಮೋಟಾರ್ ಖಾಲಿ ವೇಗದ ಮುಕ್ಕಾಲು ಭಾಗದ ಸುತ್ತಮುತ್ತ ನಿಲ್ಲುತ್ತದೆ ಅಂದುಕೊಂಡರೆ 330 ಕೆವಿ ಬೇಕು. ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ಖಾಲಿ ಮೋಟಾರ್ ತಿರುಗುವ ಸುತ್ತು. ಅಂಗಡಿಯಲ್ಲಿ "ಜಾಸ್ತಿ ಕೆವಿ, ಜಾಸ್ತಿ ಪವರ್" ಅಂತ ಹೇಳಿದರೆ ನಂಬಬೇಡಿ. ದೊಡ್ಡ ಫ್ಯಾನಿಗೆ ಜಾಸ್ತಿ ಕೆವಿ ಮೋಟಾರ್ ಕಟ್ಟಿದರೆ ಅದು ಸುಡುವ ದಾರಿ.

ಇಷ್ಟು ಕಡಿಮೆ ಕೆವಿ ಸುಲಭವಾಗಿ ಸಿಗುವುದು ವಿದ್ಯುತ್ ಸ್ಕೇಟ್‌ಬೋರ್ಡಿಗೆ ಹಾಕುವ ಬ್ರಶ್‌ಲೆಸ್ (ಕಾರ್ಬನ್ ಬ್ರಶ್ ಇಲ್ಲದ) ಔಟ್‌ರನ್ನರ್ ಮೋಟಾರುಗಳಲ್ಲಿ. 5065 ಅಂತ ಬರುವ ಗಾತ್ರ, 320 ಕೆವಿ. ಇವು ಸಾವಿರ ವಾಟ್ ದಾಟಿದ ಹೊರೆಗೆ ಮಾಡಿದವು, ನಾನು ಕೇಳುವುದು 200. ಇಷ್ಟು ಅಂತರ ಬೇಕಂತಲೇ ಇಟ್ಟೆ. ಔಟ್‌ರನ್ನರಿನ ಹೊರಗಿನ ಡಬ್ಬಿಯೇ ತಿರುಗುತ್ತದೆ, ಅದರ ಸುತ್ತ ನೀರಿನ ಕೊಳವೆ ಸುತ್ತಲು ಬರುವುದಿಲ್ಲ. ತಂಪು ಮಾಡಲಾಗದ ಮೋಟಾರನ್ನು ಬಿಸಿಯಾಗದಂತೆ ನೋಡಿಕೊಳ್ಳುವುದೇ ದಾರಿ, ಅಲ್ವಾ? ನೀರಿನ ಕೊಳವೆ ಕೊಟ್ಟಿದ್ದು ಇಎಸ್‌ಸಿಗಳಿಗೆ, ಅಂದರೆ ಮೋಟಾರಿನ ವೇಗ ಹಿಡಿತದಲ್ಲಿಡುವ ಡಬ್ಬಿಗಳಿಗೆ ಮಾತ್ರ.

ಮೂರು ಮೋಟಾರಿಗೆ ಮೂರು ಇಎಸ್‌ಸಿ. ಅವು ರಿಸೀವರಿಗೂ (ರಿಮೋಟಿನ ಸಿಗ್ನಲ್ ಹಿಡಿಯುವ ಡಬ್ಬಿ) ಕರೆಂಟ್ ಕೊಡುವ ಜಾತಿಯಾದರೆ ಎರಡರ ಕೆಂಪು ತಂತಿ ಬಿಡಿಸಿಡಿ, ಒಂದೇ ಕೊಡಲಿ. ಎಡ ಬಲದ ಫ್ಯಾನ್‌ಗಳು ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗಬೇಕು. ಬ್ರಶ್‌ಲೆಸ್‌ನಲ್ಲಿ ಮೂರು ತಂತಿಗಳ ಪೈಕಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ಆಯಿತು. ಪಕ್ಕದ ಎರಡನ್ನು ರಿಮೋಟಿನಲ್ಲಿ ಮಿಕ್ಸ್ ಮಾಡಿದ್ದೇನೆ. ಒಂದು ಮುಂದೆ, ಒಂದು ಹಿಂದೆ ಕೊಟ್ಟರೆ ಎರಡು ಮೀಟರಿನ ಹಡಗು ನಿಂತಲ್ಲೇ ತಿರುಗುತ್ತದೆ. ಪೆಟ್ರೋಲಿನಲ್ಲಿ ಈ ಸುಖ ಎಲ್ಲಿ?

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, 15 ಆಂಪಿಯರ್ ಗಂಟೆ. ಪೂರ್ತಿ ಓಟಕ್ಕೆ ಸುಮಾರು ಅರ್ಧ ಗಂಟೆ. ಅರ್ಧ ವೇಗದಲ್ಲಿ ಶಕ್ತಿ ತುಂಬಾ ಕಡಿಮೆ ಸಾಕು, ಸಂಜೆ ಪೂರ್ತಿ ಓಡುತ್ತದೆ. 30 ಕಿಲೋ ತುಂಬಿಸಲೇಬೇಕಲ್ಲ, ಯುಪಿಎಸ್ಸಿನ ಸೀಸದ ಬ್ಯಾಟರಿ ಹಾಕಬಾರದಾ ಅಂತ ಗೆಳೆಯರು ಕೇಳಿದರು. ತೂಕಕ್ಕೆ ಅಡ್ಡಿಯಿಲ್ಲ. ಆದರೆ 7 ಆಂಪಿಯರ್ ಗಂಟೆ ಅನ್ನುವುದು ಇಪ್ಪತ್ತು ಗಂಟೆ ನಿಧಾನಕ್ಕೆ ಹೀರಿದರೆ ಸಿಗುವ ಲೆಕ್ಕ. ಇಪ್ಪತ್ತು ಆಂಪಿಯರ್ ಎಳೆದರೆ ಅಷ್ಟು ಕೊಡುವುದಿಲ್ಲ.

ಓಡಿಸುವ ಮೊದಲು ಹಡಗನ್ನು ನೀರಿನಲ್ಲೇ ಹಗ್ಗದಿಂದ ಕಟ್ಟಿ ಪರೀಕ್ಷೆ ಮಾಡಿ. ಹಿಂಭಾಗಕ್ಕೆ ಹಗ್ಗ, ಹಗ್ಗಕ್ಕೆ ಮೀನು ತೂಗುವ ನೇತಾಡುವ ತಕ್ಕಡಿ, ಆಮೇಲೆ ಪೂರ್ತಿ ಥ್ರಾಟಲ್. ಕಟ್ಟಿದಾಗಲೇ ಕರೆಂಟ್ ಅತಿ ಜಾಸ್ತಿ, ಓಡಲು ಶುರುವಾದರೆ ಇಳಿಯುತ್ತದೆ. ಈ ಹೊರೆಯಲ್ಲಿ ಮೋಟಾರನ್ನು ಕೈಯಲ್ಲಿ ಹಿಡಿಯಲು ಆಗುತ್ತಿದ್ದರೆ ಹೆದರಿಕೆ ಇಲ್ಲ. ಮುಟ್ಟುವ ಮೊದಲು ಬ್ಯಾಟರಿ ಬಿಡಿಸಿ. ಕರೆಂಟ್ ಅಳೆಯಲು ಎಲೆಕ್ಟ್ರಿಷಿಯನ್ ಹತ್ತಿರ ಇರುವ ಕ್ಲ್ಯಾಂಪ್ ಮೀಟರ್ ತಂದರೆ ಸುಮ್ನೆ ಸೊನ್ನೆ ತೋರಿಸೀತು. ಹೆಚ್ಚಿನವು ಎಸಿ ಮಾತ್ರ ಅಳೆಯುತ್ತವೆ. ಡಿಸಿ ಇರುವುದನ್ನೇ ಕೇಳಿ.

ಓಡಿಸುವುದು ಕಾಳಿ ಹಿನ್ನೀರಿನಲ್ಲಿ, ನೌಕಾನೆಲೆಯಿಂದ ದೂರ. ಬೇಸಿಗೆಯಲ್ಲಿ ಅಲ್ಲಿನ ನೀರು ಉಪ್ಪು, ಔಟ್‌ರನ್ನರಿನ ಬೇರಿಂಗಿಗೆ ಶತ್ರು. ಶಾಫ್ಟ್ ಕೊಳವೆಗೆ ಗ್ರೀಸ್ ತುಂಬಿ, ಮನೆಗೆ ಬಂದ ಮೇಲೆ ಸಿಹಿ ನೀರಲ್ಲಿ ಫ್ಯಾನ್ ತೊಳೆಯಿರಿ. ಸಿಗ್ನಲ್ ತಪ್ಪಿದರೆ ಮೂರೂ ಮೋಟಾರ್ ನಿಲ್ಲುವ ಹಾಗೆ ಫೇಲ್‌ಸೇಫ್ ಇಟ್ಟಿದ್ದೇನೆ, ಈಜುವವರು ಇರುತ್ತಾರಲ್ಲ. ಹಾಗೆ ನಿಂತ ಹಡಗನ್ನು ಇಳಿತದ ನೀರು ಕಡಲಿಗೆ ಒಯ್ಯುತ್ತದೆ, ಅದಕ್ಕೇ ಇಳಿತದಲ್ಲಿ ಹಡಗು ಬಿಡುವುದಿಲ್ಲ. ಭರತ ಏರುವಾಗ ನಾನಿರುವ ಕಡೆಗಿಂತ ಕೆಳಗೆ, ಕಡಲಿನ ದಿಕ್ಕಿಗೆ ಓಡಿಸುತ್ತೇನೆ. ನಿಂತರೂ ನೀರೇ ಅದನ್ನು ನನ್ನ ಕಡೆಗೆ ತರುತ್ತದೆ.