ಮಳೆಗೊಂದು, ಮದುವೆಗೊಂದು: ಕೊಡಗಿನಲ್ಲಿ ನನ್ನ ಎರಡು ಪುಟ್ಟ ಕ್ಯಾಮೆರಾ

ನನ್ನ ಹತ್ತಿರ ಇರುವುದು ಎರಡು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಾಯಿಸಬಹುದಾದ) ಕ್ಯಾಮೆರಾ. ಒಂದು ಸೋನಿ ಎ6400, ಇನ್ನೊಂದು ಒಲಿಂಪಸ್ ಇ-ಎಂ5 ಮಾರ್ಕ್ 3. ಎರಡೂ 2019ರ ಮಾಡೆಲ್, ಎರಡನ್ನೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬ್ಯಾಟರಿ, ಕಾರ್ಡ್ ಸೇರಿ ಸೋನಿ 403 ಗ್ರಾಂ, ಒಲಿಂಪಸ್ 414 ಗ್ರಾಂ ತೂಗುತ್ತವೆ. ಅಂದರೆ ತೂಕ ನೋಡಿ ಆರಿಸೋಣ ಅಂದರೆ ಅದೂ ಆಗುವುದಿಲ್ಲ.

"ಎರಡರಲ್ಲಿ ಯಾವುದು ಒಳ್ಳೇದಣ್ಣ?" ಎಂದು ಹುಡುಗರು ಕೇಳುತ್ತಾರೆ. "ಯಾವ ತಿಂಗಳಲ್ಲಿ ಫೋಟೊ ತೆಗೀತೀಯ, ಅದು ಹೇಳು" ಅನ್ನುತ್ತೇನೆ. ತಮಾಷೆಗೆ ಹೇಳುವ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ, ಮಂಜು, ಜಿಗಣೆ. ಮಳೆ ಬಿಟ್ಟ ಮೇಲೆ ಪುತ್ತರಿ (ಹೊಸ ಭತ್ತದ ಸುಗ್ಗಿ ಹಬ್ಬ), ಮದುವೆ, ಕಾಫಿ ಕೊಯ್ಲು. ಆಮೇಲೆ ಕಾಫಿ ಹೂವು, ಹಾಕಿ. ನನ್ನ ಕೈಯಲ್ಲಿ ಯಾವ ಕ್ಯಾಮೆರಾ ಇರುತ್ತದೆ ಅನ್ನುವುದು ಈ ಕಾಲದ ಮೇಲೆಯೇ ನಿಂತಿದೆ.

ಮೊದಲು ಸೆನ್ಸರ್ (ಬೆಳಕು ಹಿಡಿಯುವ ಚಿಪ್) ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜಗಳ ನಡೆಯುವುದು ಅದರ ಮೇಲೆಯೇ. ಸೋನಿಯದು ಎಪಿಎಸ್-ಸಿ ಸೆನ್ಸರ್, 23.5 x 15.6 ಮಿ.ಮೀ., 24 ಮೆಗಾಪಿಕ್ಸೆಲ್. ಒಲಿಂಪಸ್‌ನದು ಮೈಕ್ರೊ ಫೋರ್ ಥರ್ಡ್ಸ್, 17.3 x 13 ಮಿ.ಮೀ., 20 ಮೆಗಾಪಿಕ್ಸೆಲ್. ಗುಣಿಸಿ ನೋಡಿದರೆ ಸೋನಿಯ ಸೆನ್ಸರ್ ಸುಮಾರು 1.6 ಪಟ್ಟು ದೊಡ್ಡದು. ಬೆಳಕಿನ ಲೆಕ್ಕದಲ್ಲಿ ಇದು ಒಂದು ಸ್ಟಾಪ್ (ಅಂದರೆ ಎರಡು ಪಟ್ಟು ಬೆಳಕು) ಕೂಡ ಆಗುವುದಿಲ್ಲ, ಮುಕ್ಕಾಲು ಸ್ಟಾಪ್‌ನ ಆಸುಪಾಸು. ಲೆನ್ಸ್‌ನ ಎಫ್ ಅಂಕಿ ಚಿಕ್ಕದಾದಷ್ಟು ಬೆಳಕು ಹೆಚ್ಚು; ಎಫ್ 4 ಲೆನ್ಸ್ ತೆಗೆದು ಎಫ್ 1.4 ಹಾಕಿದರೆ ಸಿಗುವುದು ಪೂರ್ತಿ ಮೂರು ಸ್ಟಾಪ್! ಹಾಗಾಗಿ ದುಡ್ಡು ಹಾಕುವುದಾದರೆ ಲೆನ್ಸ್‌ಗೆ ಹಾಕಿ ಅನ್ನುವವರ ಗುಂಪಿನವನು ನಾನು.

ಈಗ ಮಳೆಗೆ ಬರೋಣ. ಒಲಿಂಪಸ್ ಬಾಡಿಗೆ ನೀರಿನ ತಡೆ ಇದೆ, ಐಪಿಎಕ್ಸ್1 ಮಟ್ಟದ್ದು. ಅಂದರೆ ಮೇಲಿಂದ ನೇರವಾಗಿ ತೊಟ್ಟಿಕ್ಕುವ ಹನಿಯನ್ನು ತಡೆಯುತ್ತದೆ. ಕೆರೆಗೆ ಬಿದ್ದರೆ ಯಾರೂ ಕಾಪಾಡುವುದಿಲ್ಲ. ಇನ್ನೊಂದು ಮಾತು, ಲೆನ್ಸ್‌ಗೂ ಅದೇ ತಡೆ ಇದ್ದರೆ ಮಾತ್ರ ಇದೆಲ್ಲ ಲೆಕ್ಕಕ್ಕೆ. ನನ್ನ 60 ಎಂಎಂ ಎಫ್ 2.8 ಮ್ಯಾಕ್ರೊ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ಮತ್ತು 12-45 ಎಂಎಂ ಎಫ್ 4 ಲೆನ್ಸ್‌ಗಳಿಗೆ ಇದೆ, 75-300ಕ್ಕೆ ಇಲ್ಲ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಕಾಲ) 75-300 ಡಬ್ಬಿಯಿಂದ ಆಚೆ ಬರುವುದೇ ಇಲ್ಲ. ಸೋನಿ ಬಾಡಿಯೂ ಧೂಳು, ತೇವ ತಡೆಯುವಂತೆ ಮಾಡಿದ್ದೇ. ಆದರೆ ಅದಕ್ಕೆ ನಾನು ಹಾಕುವ ಸಿಗ್ಮಾ ಲೆನ್ಸ್ ನಂಬಿಕೊಂಡು ಜುಲೈ ಮಳೆಯಲ್ಲಿ ನಿಲ್ಲುವ ಧೈರ್ಯ ನನಗಿಲ್ಲ.

ಮಳೆಗಾಲದಲ್ಲಿ ನನ್ನ ಮುಖ್ಯ ಕೆಲಸ ಕಪ್ಪೆ. ತೋಟದ ಕೆರೆಯ ಮೇಲೆ ಬಾಗಿದ ಕೊಂಬೆಗಳಲ್ಲಿ ಮಲಬಾರ್ ಹಾರುಕಪ್ಪೆಗಳು ನೊರೆಗೂಡು ಕಟ್ಟುತ್ತವೆ. ಎಲೆ ಮಡಿಸಿ, ಬಿಳಿ ನೊರೆ ಕಡೆದು, ಅದರೊಳಗೆ ಮೊಟ್ಟೆ. ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ರಾತ್ರಿ ಟಾರ್ಚ್ ಹಿಡಿದು, ಗಮ್‌ಬೂಟ್ ಹಾಕಿಕೊಂಡು ಹೋಗಬೇಕು. ಇಲ್ಲಿ ಚಿಕ್ಕ ಸೆನ್ಸರ್ ನನ್ನ ಪರವಾಗಿಯೇ ಕೆಲಸ ಮಾಡುತ್ತದೆ. 60 ಎಂಎಂ ಮ್ಯಾಕ್ರೊದಲ್ಲಿ ಒಂದಕ್ಕೊಂದು ಅಳತೆಗೆ (ವಸ್ತು ತನ್ನ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡುವಷ್ಟು ಹತ್ತಿರ) ಹೋದರೆ 17 ಮಿ.ಮೀ. ಅಗಲದ ಜಾಗ ಇಡೀ ಫ್ರೇಮ್ ತುಂಬುತ್ತದೆ. ಹೆಬ್ಬೆರಳ ಉಗುರಿನಷ್ಟಿರುವ ಪೊದೆಗಪ್ಪೆಗೆ ಇದು ಹೇಳಿ ಮಾಡಿಸಿದ್ದು. ಫೋಕಸ್ ಸಿಗುವ ಆಳವೂ ಜಾಸ್ತಿ. ನಾನು ಎಫ್ 8ರಲ್ಲಿ ತೆಗೆದಾಗ ಮೂಗಿನ ತುದಿಯಿಂದ ಕಣ್ಣಿನವರೆಗೆ ಬರುವ ಸ್ಪಷ್ಟತೆ, ಅದೇ ಫ್ರೇಮ್‌ಗೆ ಸೋನಿಯಲ್ಲಿ ಬೇಕೆಂದರೆ ಎಫ್ 11ರ ಹತ್ತಿರ ಹೋಗಬೇಕು.

ಪರದೆಯ ವಿಷಯ ಯಾರೂ ಹೇಳುವುದಿಲ್ಲ, ಕೆಸರಲ್ಲಿ ಕೂತಾಗಲೇ ಗೊತ್ತಾಗುವುದು. ಸೋನಿಯ ಪರದೆ ಮೇಲಕ್ಕೆ, ಕೆಳಕ್ಕೆ ಮಾತ್ರ ಬಾಗುತ್ತದೆ. ಕ್ಯಾಮೆರಾ ಅಡ್ಡಕ್ಕೆ ಇದ್ದರೆ ಪರವಾಗಿಲ್ಲ. ಕೊಂಬೆಗೆ ಅಂಟಿಕೊಂಡ ಕಪ್ಪೆಯನ್ನು ತೆಗೆಯಲು ಕ್ಯಾಮೆರಾ ನಿಲ್ಲಿಸಿ ಹಿಡಿದರೆ ಆ ಪರದೆಯಿಂದ ಏನೂ ಪ್ರಯೋಜನವಿಲ್ಲ, ಕತ್ತು ತಿರುಚಬೇಕು. ಒಲಿಂಪಸ್‌ನ ಪರದೆ ಪಕ್ಕಕ್ಕೆ ತೆರೆದು ತಿರುಗುತ್ತದೆ. ಮೊಣಕಾಲೂರಿ ಕೂತು, ಕ್ಯಾಮೆರಾವನ್ನು ಕೆಸುವಿನ ಎಲೆಯ ಕೆಳಗೆ ತೂರಿಸಿ ಆರಾಮಾಗಿ ನೋಡಬಹುದು.

ಬೆಳಕಿಗೆ ಒಲಿಂಪಸ್ ಜೊತೆ ಬರುವ ಪುಟ್ಟ ಫ್ಲಾಶ್ ಸಾಕು. ಟಿವಿ ಪೆಟ್ಟಿಗೆಯಲ್ಲಿ ಸುತ್ತಿ ಬರುತ್ತದಲ್ವಾ, ಬಿಳಿ ಫೋಮ್ ಹಾಳೆ, ಅದನ್ನು ಎರಡು ಪದರ ಮಡಚಿ ಲೆನ್ಸ್ ಮೇಲೆ ಚಪ್ಪರದ ಹಾಗೆ ಕಟ್ಟುತ್ತೇನೆ. ಒದ್ದೆ ಚರ್ಮದ ಮೇಲೆ ಫ್ಲಾಶ್ ಬಿದ್ದರೆ ಬಿಳಿ ಚುಕ್ಕೆ ಹೊಳೆಯುತ್ತದೆ. ಹಾಳೆ ಇದ್ದರೆ ಆ ಹೊಳಪು ಹರಡಿ ಮೆತ್ತಗಾಗುತ್ತದೆ. ಕಪ್ಪೆ ಕೂಗುವಾಗ ಗಂಟಲ ಚೀಲ ಉಬ್ಬಿ ಇಳಿಯುತ್ತದೆ. ಮೊದಲು ಒಂದೆರಡು ನಿಮಿಷ ಸುಮ್ನೆ ಕೂತು ಆ ಲಯ ಕೇಳಿಸಿಕೊಳ್ಳುತ್ತೇನೆ, ಆಮೇಲೆ ಒಂದೇ ಕ್ಲಿಕ್. ಕೈಯಲ್ಲಿ ಹಿಡಿದು ಎಲೆ ಮೇಲೆ ಕೂರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅಣಬೆ, ನೊರೆಗೂಡು ಹೀಗೆ ಅಲ್ಲಾಡದ ವಸ್ತುಗಳಿಗೆ ಒಲಿಂಪಸ್‌ನಲ್ಲಿ ಫೋಕಸ್ ಸ್ಟ್ಯಾಕಿಂಗ್ ಇದೆ. ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಫೋಟೊ ತೆಗೆದು, ಕ್ಯಾಮೆರಾವೇ ಜೋಡಿಸಿ ಒಂದು ಜೆಪೆಗ್ ಕೊಡುತ್ತದೆ. ಅಂಚು ಸ್ವಲ್ಪ ಕತ್ತರಿಸಿಹೋಗುತ್ತದೆ, ಅದಕ್ಕೆ ಜಾಗ ಬಿಟ್ಟು ಫ್ರೇಮ್ ಮಾಡಬೇಕು. ಸೋನಿ ಎ6400ರಲ್ಲಿ ಈ ಸೌಲಭ್ಯ ಇಲ್ಲ, ಕೈಯಿಂದ ಫೋಕಸ್ ತಿರುಗಿಸಿ ಕಂಪ್ಯೂಟರ್‌ನಲ್ಲಿ ಜೋಡಿಸಬೇಕು.

ಮಳೆ ಶುರುವಾಗುವ ಮೊದಲು ಮಿಂಚುಹುಳಗಳ ಕಾಲ. ಅದಕ್ಕೆ ಒಲಿಂಪಸ್‌ನ ಲೈವ್ ಕಾಂಪೋಸಿಟ್. ಟ್ರೈಪಾಡ್ ಮೇಲೆ ಇಟ್ಟು ಶುರು ಮಾಡಿದರೆ, ಮೊದಲ ಫ್ರೇಮ್ ಆದ ಮೇಲೆ ಹೊಸದಾಗಿ ಬಂದ ಬೆಳಕು ಮಾತ್ರ ಸೇರುತ್ತಾ ಹೋಗುತ್ತದೆ. ಹಿನ್ನೆಲೆಯ ಮರ ಬೆಳ್ಳಗಾಗುವುದಿಲ್ಲ, ಹುಳದ ಚುಕ್ಕೆಗಳು ಒಂದೊಂದಾಗಿ ಪರದೆ ಮೇಲೆ ಮೂಡುವುದು ಕಾಣುತ್ತದೆ. ಸಾಕು ಅನಿಸಿದಾಗ ನಿಲ್ಲಿಸಿದರೆ ಆಯಿತು. ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ) ಕಡೆಯಿಂದ ಯಾರಾದರೂ ಟಾರ್ಚ್ ಹಾಕಿಕೊಂಡು ಬಂದರೆ ಮಾತ್ರ ಎಲ್ಲ ಮೊದಲಿಂದ.

ಇರ್ಪು ಜಲಪಾತದಂತಹ ಕಡೆ ಒಲಿಂಪಸ್‌ನ ಇನ್ನೊಂದು ಬಲ ಕಾಣುತ್ತದೆ. ಬಾಡಿಯ ಒಳಗೇ ಸೆನ್ಸರನ್ನು ಸರಿಸಿ ಕೈಯ ಅಲುಗಾಟ ಸರಿದೂಗಿಸುವ "ಸೆನ್ಸರ್ ಅಲುಗಾಟ ತಡೆ" ವ್ಯವಸ್ಥೆ ಇದೆ, ಕಂಪನಿ ಹೇಳುವ ಪ್ರಕಾರ 5.5 ಸ್ಟಾಪ್. ಒದ್ದೆ ಮೆಟ್ಟಿಲ ಮೇಲೆ ಟ್ರೈಪಾಡ್ ಬಿಚ್ಚದೆ, ಉಸಿರು ಬಿಗಿಹಿಡಿದು ಅರ್ಧ ಸೆಕೆಂಡಿನ ಶಟರ್‌ನಲ್ಲಿ ತೆಗೆದರೆ ನೀರು ರೇಷ್ಮೆಯ ಹಾಗೆ ಬರುತ್ತದೆ, ಬಂಡೆ ಸ್ಪಷ್ಟವಾಗಿರುತ್ತದೆ. ಸೋನಿ ಬಾಡಿಯಲ್ಲಿ ಈ ವ್ಯವಸ್ಥೆ ಇಲ್ಲ, ಲೆನ್ಸ್‌ನಲ್ಲಿ ಇದ್ದರೆ ಉಂಟು.

ಇಷ್ಟು ಓದಿದವರಿಗೆ ಸೋನಿ ಯಾಕೆ ಬೇಕು ಅನಿಸಬಹುದು. ಪುತ್ತರಿ ರಾತ್ರಿ ಗದ್ದೆಗೆ ಬನ್ನಿ, ಗೊತ್ತಾಗುತ್ತದೆ.

ಕದಿರು ಕೊಯ್ಯುವ ಹೊತ್ತಿಗೆ ಗುಂಡು ಹಾರುತ್ತದೆ, "ಪೊಲಿ ಪೊಲಿ ದೇವಾ" ಎಂಬ ಕೂಗು ಏಳುತ್ತದೆ. ಇರುವ ಬೆಳಕು ಅಂದರೆ ದೀಪ, ಒಂದೆರಡು ಟಾರ್ಚ್, ಯಾರದೋ ಮೊಬೈಲ್. ಸೆನ್ಸರ್ ಅಲುಗಾಟ ತಡೆಯುವ ವ್ಯವಸ್ಥೆ ನನ್ನ ಕೈ ನಡುಕವನ್ನು ನಿಲ್ಲಿಸಬಹುದು, ಕದಿರು ಹಿಡಿದು ನಡೆಯುವವರನ್ನು ನಿಲ್ಲಿಸಲು ಅದಕ್ಕೆ ಆಗುತ್ತದೆಯೇ? ಅದಕ್ಕೆ ಬೇಕಾದದ್ದು ಬೇಗ ಮುಚ್ಚುವ ಶಟರ್, ಅಂದರೆ ಹೆಚ್ಚು ಬೆಳಕು ಒಳಗೆ ಬಿಡುವ ಲೆನ್ಸ್. ಸೋನಿಗೆ ಸಿಗ್ಮಾ 30 ಎಂಎಂ ಎಫ್ 1.4 ಹಾಕಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400, ಶಟರ್ 1/125 ಸೆಕೆಂಡ್. ಮುಖದ ಮೇಲಿನ ದೀಪದ ಬಣ್ಣ ಹಾಗೇ ಉಳಿಯುತ್ತದೆ. ನಾನು ಅಲ್ಲಿ ಫ್ಲಾಶ್ ಹಾಕುವುದಿಲ್ಲ. ಹಾಕಿದರೆ ಪುತ್ತರಿ ಹೋಗಿ ಪಾಸ್‌ಪೋರ್ಟ್ ಫೋಟೊ ಆಗುತ್ತದೆ.

ಮದುವೆಯಲ್ಲಿ ಸೋನಿಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕೊಡವ ಮದುವೆಯ ಗಂಗಾ ಪೂಜೆ ನೋಡಿದವರಿಗೆ ಗೊತ್ತು. ಮದುಮಗಳು ತಲೆ ಮೇಲೆ ನೀರಿನ ಕೊಡ ಹೊತ್ತು ಬರುತ್ತಾಳೆ, ಎದುರಿಗೆ ನೆಂಟರು ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದಿಲ್ಲ. ಗಂಟೆಗಟ್ಟಲೆ ನಡೆಯುತ್ತದೆ. ನಾನು ತೆಗೆಯಬೇಕಾದ ಮುಖ ಒಂದೇ, ಅದರ ಮುಂದೆ ಎತ್ತಿದ ಕೈಗಳು ಹತ್ತಾರು. ಸೋನಿಯಲ್ಲಿ ಫೋಕಸ್ ಚೌಕವನ್ನು ಅವಳ ಮುಖದ ಮೇಲಿಟ್ಟು ಬಟನ್ ಅರ್ಧ ಒತ್ತಿ ಹಿಡಿದರೆ ಟ್ರ್ಯಾಕಿಂಗ್ ಶುರು. ಕಣ್ಣು ಕಂಡ ಕೂಡಲೇ ಕಣ್ಣಿಗೆ ಹೋಗುತ್ತದೆ. ಕೈ ಅಡ್ಡ ಬಂದು ಹೋದರೂ ಹೆಚ್ಚಿನ ಸಲ ಮತ್ತೆ ಅವಳನ್ನೇ ಹುಡುಕಿಕೊಳ್ಳುತ್ತದೆ. ಸೋನಿಯಲ್ಲಿ ಫೋಕಸ್ ಅಳೆಯುವ 425 ಫೇಸ್ ಡಿಟೆಕ್ಟ್ (phase detect) ಪಾಯಿಂಟ್, ಒಲಿಂಪಸ್‌ನಲ್ಲಿ 121. ಒಲಿಂಪಸ್ ಕೂಡ ಮುಖ ಗುರುತಿಸುತ್ತದೆ, ನಿಂತವರ ಫೋಟೊಗೆ ಏನೂ ಕಡಿಮೆ ಇಲ್ಲ. ಈ ಗದ್ದಲದಲ್ಲಿ ಮಾತ್ರ ನನಗೆ ಸೋನಿಯೇ ಬೇಕು.

ಒಂದು ಮದುವೆಯಲ್ಲಿ ಹುಡುಗಿಯ ದೊಡ್ಡಮ್ಮ ನನ್ನ ಕೈ ನೋಡಿ, "ಇಷ್ಟು ಪುಟ್ಟ ಕ್ಯಾಮೆರಾದಲ್ಲಿ ಮದುವೆ ತೆಗೀತೀಯೇನಪ್ಪಾ?" ಎಂದರು. "ಪುಟ್ಟದಾದ್ದರಿಂದಲೇ ದೊಡ್ಡಮ್ಮ, ಯಾರೂ ನನ್ನ ಕಡೆ ನೋಡಲ್ಲ" ಎಂದೆ. ಅವರು ನಕ್ಕದ್ದೇ ಆ ದಿನದ ಒಳ್ಳೆಯ ಫೋಟೊಗಳಲ್ಲಿ ಒಂದು.

ಹಾಲ್ ಒಳಗೆ ಒಂದು ಎಚ್ಚರಿಕೆ. ನಮ್ಮ ಕರೆಂಟ್ 50 ಹರ್ಟ್ಸ್, ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಫೋಟೊದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಮದುಮಗನ ಬಿಳಿ ಕುಪ್ಯದ (ಕೊಡವರ ಉದ್ದ ನಿಲುವಂಗಿ) ಮೇಲೆ ಆ ಪಟ್ಟಿ ಬಿದ್ದರೆ ಅಳಿಸುವುದು ಕಷ್ಟ. ಎರಡು ಕ್ಯಾಮೆರಾದಲ್ಲೂ ಮೆಕ್ಯಾನಿಕಲ್ ಶಟರ್ ಇಟ್ಟು, ಆದಷ್ಟು 1/100 ಅಥವಾ 1/50ರಲ್ಲಿ ತೆಗೆಯುವುದು ಲೇಸು.

ಹಾಕಿಗೂ ಸೋನಿಯೇ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದದ್ದು, ಬೇಸಿಗೆ ಬಂತೆಂದರೆ ಮೈದಾನ ಗಿಜಿಗುಡುತ್ತದೆ. 70-350 ಎಂಎಂ ಲೆನ್ಸ್, ಸೆಕೆಂಡಿಗೆ 11 ಫ್ರೇಮ್, ಶಟರ್ 1/1000ಕ್ಕಿಂತ ಮೇಲೆ. ಇಲ್ಲೂ ಮೆಕ್ಯಾನಿಕಲ್ ಶಟರ್ ಬಿಡಬೇಡಿ. ಎಲೆಕ್ಟ್ರಾನಿಕ್‌ನಲ್ಲಿ ಬೀಸಿದ ಸ್ಟಿಕ್ ಬಾಳೆ ಎಲೆಯ ದಿಂಡಿನಂತೆ ಬಾಗಿ ಕಾಣುತ್ತದೆ.

ಹಕ್ಕಿಗಳ ವಿಷಯದಲ್ಲಿ ನನಗೇ ಇನ್ನೂ ತೀರ್ಮಾನವಾಗಿಲ್ಲ. ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯ ಈ ಎರಡರಲ್ಲೂ ಇಲ್ಲ. ಭೀಮರಾಜ ತೋಟದ ನೆರಳಲ್ಲಿ ಹಾರಾಡುವಾಗ ಸೋನಿಯ ಟ್ರ್ಯಾಕಿಂಗ್ ಮೇಲು. ಅತ್ತಿ ಮರಕ್ಕೆ ಹಣ್ಣು ತಿನ್ನಲು ಬರುವ ಮಂಗಟ್ಟೆ ಹಾಗಲ್ಲ, ಕೂತರೆ ಕೂತೇ ಇರುತ್ತದೆ, ಹಾರುವುದು ಮಾತ್ರ ಹೇಳದೆ ಕೇಳದೆ. ಅದಕ್ಕೆ ಒಲಿಂಪಸ್‌ನ ಪ್ರೊ ಕ್ಯಾಪ್ಚರ್ ಚೆನ್ನ. ಬಟನ್ ಅರ್ಧ ಒತ್ತಿ ಕಾಯುತ್ತಿದ್ದರೆ, ಪೂರ್ತಿ ಒತ್ತುವ ಮೊದಲಿನ 14 ಫ್ರೇಮ್‌ವರೆಗೆ ಉಳಿಸಿಕೊಡುತ್ತದೆ. ರೆಕ್ಕೆ ಬಿಚ್ಚಿದ ಕ್ಷಣ ನನ್ನ ಬೆರಳಿಗೆ ಸಿಗದಿದ್ದರೂ ಕ್ಯಾಮೆರಾದಲ್ಲಿ ಇರುತ್ತದೆ.

ಕಾಫಿ ಹೂವಿಗೆ ಎರಡೂ ಬೇಕು. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಒಂದೆರಡು ದಿನದಲ್ಲಿ ಬಾಡಲು ಶುರು. ಮೇಲೆ ಸಿಲ್ವರ್ ಓಕ್ ನೆರಳು, ಕೆಳಗೆ ಬಿಸಿಲು ಬಿದ್ದ ಬಿಳಿ ಹೂವು. ಇಡೀ ತೋಟದ ನೋಟಕ್ಕೆ ಸೋನಿಯಲ್ಲಿ ಜೀಬ್ರಾ (ಅತಿ ಬೆಳ್ಳಗಾದ ಜಾಗಕ್ಕೆ ಪರದೆಯಲ್ಲಿ ಗೆರೆ ತೋರಿಸುವುದು) ಆನ್ ಮಾಡಿ, ಹೂವಿನ ಮೇಲೆ ಗೆರೆ ಮಾಯವಾಗುವವರೆಗೆ ಎಕ್ಸ್‌ಪೋಶರ್ ಇಳಿಸಿ, ರಾ ಫೈಲ್‌ನಲ್ಲಿ (ಸೆನ್ಸರ್‌ನಿಂದ ಬಂದ ಹಸಿ ಫೈಲ್) ನೆರಳನ್ನು ಆಮೇಲೆ ಎತ್ತುತ್ತೇನೆ. ಜೇನಿಗೆ ಒಲಿಂಪಸ್, 60 ಎಂಎಂ.

ಬ್ಯಾಟರಿ ಲೆಕ್ಕ ಚಿಕ್ಕದು. ಒಂದು ಚಾರ್ಜ್‌ಗೆ ಸೋನಿಗೆ 410 ಫೋಟೊ, ಒಲಿಂಪಸ್‌ಗೆ 310 ಎಂದು ಕಂಪನಿಗಳ ಅಂದಾಜು. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಇಲ್ಲ. ಎರಡನ್ನೂ ಪವರ್‌ಬ್ಯಾಂಕ್‌ನಿಂದ ಚಾರ್ಜ್ ಮಾಡಬಹುದು, ಎರಡಕ್ಕೂ ಹಳೆಯ ಮೈಕ್ರೊ ಯುಎಸ್‌ಬಿ ಕೇಬಲ್ ಸಾಕು.

ಇವೆಲ್ಲಕ್ಕಿಂತ ನಮ್ಮಲ್ಲಿ ದೊಡ್ಡ ಶತ್ರು ಬೂಷ್ಟು. ಲೆನ್ಸ್ ಗಾಜಿನ ಮೇಲೆ ಜೇಡರ ಬಲೆಯಂತಹ ಎಳೆ ಹಬ್ಬಿದರೆ ರಿಪೇರಿಗೆ ದುಡ್ಡು ಸುರಿಯಬೇಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವ ಅಳೆಯುವ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು. ಕಾಫಿ ಬೀಜದ ತೇವ ನೋಡಿ ಮಾರುವ ಊರಿನವರಿಗೆ ಇದೇನು ಹೊಸದಲ್ಲ. ಜೆಲ್ ಬಣ್ಣ ಬದಲಾದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಆ ಬಾಣಲೆ ಬೇರೆಯೇ ಇರಲಿ, ಅಡುಗೆಯದಲ್ಲ. ಮಳೆಯಲ್ಲಿ ನೆನೆದ ಕ್ಯಾಮೆರಾವನ್ನು ನೇರ ಡಬ್ಬಿಗೆ ಹಾಕಬಾರದು, ಒರೆಸಿ ಒಂದು ರಾತ್ರಿ ಫ್ಯಾನ್ ಕೆಳಗೆ ಇಟ್ಟು ಆಮೇಲೆ. ಚರ್ಮದ ಕೇಸ್ ಬೇಡವೇ ಬೇಡ, ಬೂಷ್ಟು ಮೊದಲು ಹಿಡಿಯುವುದೇ ಅದಕ್ಕೆ.

ಒಂದನ್ನೇ ಇಟ್ಟುಕೋ ಅಂದರೆ ನಾನು ಒಲಿಂಪಸ್ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ವರ್ಷದ ಮೂರನೇ ಒಂದು ಭಾಗ ಇಲ್ಲಿ ಮಳೆ. ಮದುವೆಯಿಂದ ನಾಲ್ಕು ಕಾಸು ದುಡಿಯುವವರು ಸೋನಿ ಬಿಡಬಾರದು. ಹೊಸದೇ ಬೇಕು ಅನ್ನುವವರು ಮುಂದಿನ ಮಾಡೆಲ್‌ಗಳನ್ನೂ ನೋಡಿ. ಒಲಿಂಪಸ್‌ನ ಕ್ಯಾಮೆರಾ ವ್ಯವಹಾರ 2021ರಲ್ಲಿ ಓಎಂ ಡಿಜಿಟಲ್ ಸೊಲ್ಯೂಷನ್ಸ್ ಎಂಬ ಬೇರೆ ಕಂಪನಿಗೆ ಹೋಯಿತು, 2022ರಲ್ಲಿ ಅವರು ಓಎಂ-5 ತಂದರು. 2023ರಲ್ಲಿ ಬಂದ ಸೋನಿ ಎ6700ರಲ್ಲಿ ಸೆನ್ಸರ್ ಅಲುಗಾಟ ತಡೆಯುವ ವ್ಯವಸ್ಥೆಯೂ ಇದೆ, ಹಕ್ಕಿ ಗುರುತಿಸುವುದೂ ಇದೆ. ಬೆಲೆ ಅದಕ್ಕೆ ತಕ್ಕ ಹಾಗೆ.

ನನ್ನ ಹಾಗೆ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಲೆನ್ಸ್ ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಎಳೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಆಮೇಲೆ ಎಫ್ 16ರಲ್ಲಿ ಬಿಳಿ ಗೋಡೆಯ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರ್ ಮೇಲಿನ ಕಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಒಲಿಂಪಸ್ ಆದರೆ ಕೆಳಗಿನ ಟ್ರೈಪಾಡ್ ಸ್ಕ್ರೂ ಸುತ್ತ ಬಿರುಕು ಇದೆಯಾ, ಬ್ಯಾಟರಿ ಬಾಗಿಲಿನ ರಬ್ಬರ್ ಹರಿದಿದೆಯಾ ಎಂದು ಬೆರಳಾಡಿಸಿ ನೋಡಿ. ಸೋನಿ ಆದರೆ ಫ್ಲಾಶ್ ಎಬ್ಬಿಸಿ ಒಮ್ಮೆ ಬೆಳಗಿಸಿ. ಇದನ್ನೆಲ್ಲ ಮಾರುವವರ ಎದುರಿಗೇ ಮಾಡಿ, ದುಡ್ಡು ಕೊಡುವ ಮೊದಲು.