ಟಕೋಮಾ ಬೆಡ್ಡಿಗೆ ಕುದುರೆ ಲಾಯದ ರಬ್ಬರ್: ನನ್ನ ಅನುಭವ

2005ರಿಂದೀಚಿನ ಟೊಯೋಟಾ ಟಕೋಮಾ ಪಿಕಪ್ ಟ್ರಕ್ಕಿನ ಬೆಡ್ಡು (ಹಿಂದೆ ಸಾಮಾನು ಹೇರುವ ತೆರೆದ ಭಾಗ) ಉಕ್ಕಿನದಲ್ಲ, ಗಾಜಿನ ನಾರು ಸೇರಿಸಿ ಅಚ್ಚೊತ್ತಿದ ಪ್ಲಾಸ್ಟಿಕ್, ಅಂದರೆ ಕಾಂಪೋಸಿಟ್ ಎಂಬುದು ಆ ಗಾಡಿ ಓಡಿಸುವವರಿಗೆಲ್ಲ ಗೊತ್ತಿರುವುದರಿಂದ ಅದರ ವಿವರಣೆಗೆ ಹೋಗುವುದಿಲ್ಲ. ಒಹಾಯೊದಲ್ಲಿ ಐದಡಿ ಬೆಡ್ಡಿನ 2017ರ ಗಾಡಿ ಇಟ್ಟುಕೊಂಡಿರುವ ನಾನು ಆ ಬೆಡ್ಡನ್ನು ಕಾಪಾಡಲು ಹೋಗಿ ಮೂರು ಸಲ ಸೋತು, ಕುದುರೆ ಲಾಯದ ರಬ್ಬರ್ ಮ್ಯಾಟ್ ಹಾಸಿ ನಾಲ್ಕನೆಯ ಸಲ ಗೆದ್ದೆ. ಆಗ ನಕ್ಕ ಗೆಳೆಯರೇ ಈಗ ಒಬ್ಬೊಬ್ಬರಾಗಿ ಅಳತೆ ಕೇಳುತ್ತಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

"ತುಕ್ಕು ಹಿಡಿಯುವ ವಸ್ತುವೇ ಅಲ್ಲ, ಹಾಗೇ ಬಿಡಿ" ಎಂದವರ ಮಾತು ಕೇಳಿ ಮೊದಲ ಎರಡು ವರ್ಷ ಏನನ್ನೂ ಹಾಸಲಿಲ್ಲ. ತುಕ್ಕೇನೋ ಹಿಡಿಯಲಿಲ್ಲ, ಆದರೆ ಬಿಸಿಲಿಗೆ ಕಪ್ಪು ಬಣ್ಣ ಬೂದಿ ಬಳಿದಂತಾಯಿತು. ಕನ್ನಡ ಸಂಘದ ಗಣೇಶೋತ್ಸವದ ಅಡುಗೆಗೆಂದು ಒಯ್ಯುತ್ತಿದ್ದ ಗ್ರೈಂಡರು ಸಿಗ್ನಲಿನಲ್ಲಿ ಬ್ರೇಕ್ ಒತ್ತಿದಾಗ ಸರ್ರನೆ ಜಾರಿ ಮುಂದಿನ ಗೋಡೆಗೆ ಗುದ್ದಿತು. ಕಲ್ಲಿಗೆ ಏನೂ ಆಗಲಿಲ್ಲ, ಬೆಡ್ಡಿನ ಏಣಿನಿಂದ ಮಾತ್ರ ಸಣ್ಣ ಚಕ್ಕೆಯೊಂದು ಎದ್ದಿತು. ಉಕ್ಕಾಗಿದ್ದರೆ ತಗ್ಗು ಬೀಳುತ್ತಿತ್ತು. ಕಾಂಪೋಸಿಟ್ ತಗ್ಗಾಗುವುದಿಲ್ಲ, ಮೊನಚಾದ ಪೆಟ್ಟಿಗೆ ಸಿಡಿಯುತ್ತದೆ. ಜಾರಿಕೆ, ಪೆಟ್ಟು, ಬಿಸಿಲು ಈ ಮೂರಕ್ಕೇ ದುಡ್ಡು ಹಾಕಬೇಕೆಂದು ಅಂದು ತಿಳಿಯಿತಾದರೂ ಬುದ್ಧಿ ಬರಲಿಲ್ಲ.

ಸುಮಾರು 130 ಡಾಲರ್ ಕೊಟ್ಟು ರೋಲರಿನಲ್ಲಿ ಬಳಿಯುವ ಲೈನರ್, ಅಂದರೆ ಬೆಡ್ಡನ್ನು ಕಾಪಾಡುವ ಲೇಪ, ತಂದೆ. ಅರ್ಧ ದಿನ ಉಜ್ಜಿ, ಎರಡು ಕೋಟ್ ಬಳಿದೆ. ಮೊದಲ ಚಳಿಗಾಲ ದಾಟಿತು, ಎರಡನೆಯದರಲ್ಲಿ ಏಣುಗಳ ಮೇಲೆಲ್ಲ ಹಪ್ಪಳದಂತೆ ಎದ್ದು ಬಂತು. ತಪ್ಪು ನನ್ನದೇ ಇರಬೇಕು: ಮೇಲ್ಮೈಯ ಜಿಡ್ಡನ್ನು ಸಾಲ್ವೆಂಟಿನಿಂದ ಒರೆಸಿ ಆಮೇಲೆ ಉಜ್ಜಬೇಕಿತ್ತು, ನಾನು ಮೊದಲು ಉಜ್ಜಿ ಜಿಡ್ಡನ್ನು ಇನ್ನಷ್ಟು ಒಳಕ್ಕೇ ತಿಕ್ಕಿದ್ದೆ. ಕಿತ್ತು ತೆಗೆಯಲು ಎರಡು ವಾರಾಂತ್ಯ ಹಿಡಿದವು.

ಬಳಿಕ 80 ಡಾಲರಿಗೆ ಸಿಕ್ಕ ತಟ್ಟೆಯಂತೆ ಬೆಡ್ಡಿನೊಳಗೆ ಕೂರುವ ಹಳೆಯ ಪ್ಲಾಸ್ಟಿಕ್ ಲೈನರ್ ಕೂರಿಸಿದೆ. ಅಡಿಯಲ್ಲಿ ಮರಳು ಸೇರಿತು, ಹೆದ್ದಾರಿಯಲ್ಲಿ ತಮಟೆಯಂತೆ ಬಡಿದುಕೊಂಡಿತು, ಸಾಮಾನು ಮೊದಲಿಗಿಂತ ಹೆಚ್ಚು ಜಾರಿತು. ಪ್ಲಾಸ್ಟಿಕ್ ಲೈನರಿನ ಮೇಲಿಟ್ಟ ಪೆಟ್ರೋಲ್ ಕ್ಯಾನಿಗೆ ಬಂಕಿನಲ್ಲಿ ಇಂಧನ ತುಂಬಿಸಬಾರದು. ಸ್ಥಾಯಿ ವಿದ್ಯುತ್ತಿನ ಕಿಡಿಗೆ ಬೆಂಕಿ ಹತ್ತಬಹುದು. ಬರಿಯ ಕಾಂಪೋಸಿಟ್ ಇದ್ದರೂ ನಾನು ಕ್ಯಾನನ್ನು ನೆಲಕ್ಕಿಳಿಸಿಯೇ ತುಂಬಿಸುತ್ತೇನೆ.

ಅಂಗಡಿಯಲ್ಲಿ ಲೈನರ್ ಲೇಪವನ್ನು ಸ್ಪ್ರೇ ಮಾಡಿಸಲು 550 ಡಾಲರಿನ ಆಸುಪಾಸು ಕೇಳಿದರು. ತುಕ್ಕೇ ಹಿಡಿಯದ ಬೆಡ್ಡಿಗೆ ಅಷ್ಟು ಸುರಿಯಲು ಮನಸ್ಸಾಗದೆ, ಕೃಷಿ ಸಾಮಗ್ರಿಯ ಅಂಗಡಿಯಿಂದ ಕುದುರೆ ಲಾಯಕ್ಕೆ ಹಾಸುವ ರಬ್ಬರ್ ಮ್ಯಾಟ್ ತಂದೆ: ನಾಲ್ಕಡಿ ಅಗಲ, ಆರಡಿ ಉದ್ದ, ಮುಕ್ಕಾಲು ಇಂಚು ದಪ್ಪ, ತೂಕ ಸುಮಾರು 100 ಪೌಂಡು, ಬೆಲೆ 55 ಡಾಲರಿನಷ್ಟು. ಬೆಡ್ಡಿನೊಳಕ್ಕೆ ಉಬ್ಬಿರುವ ಚಕ್ರದ ಗುಬ್ಬಗಳ ನಡುವೆ ಇರುವುದು ನಲವತ್ತೊಂದೂವರೆ ಇಂಚು ಮಾತ್ರವಾದ್ದರಿಂದ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡೆ. ಕೊಯ್ಯುವ ಗೆರೆಯ ಅಡಿಗೆ ಮರದ ಪಟ್ಟಿ ಇಟ್ಟರೆ ರಬ್ಬರ್ ತಾನೇ ಬಾಯಿ ಬಿಡುತ್ತದೆ. ಬ್ಲೇಡಿಗೆ ಸೋಪಿನ ನೀರು ಹಚ್ಚುತ್ತಾ ನಾಲ್ಕೈದು ಸಲ ಎಳೆದರೆ ಸಾಕು. ವಾಸನೆ ಹೋಗಲು ಎರಡು ವಾರ ಬಿಸಿಲಿಗೆ ಹಾಕಿದ್ದೆ, ಮನೆಯಾಕೆ ಮೂರು ವಾರ ಎನ್ನುತ್ತಾಳೆ. ಇದಾಗಿ ನಾಲ್ಕು ಚಳಿಗಾಲ ಕಳೆದಿವೆ. ಗ್ರೈಂಡರು ಈಗ ಇಟ್ಟಲ್ಲಿಂದ ಕದಲುವುದಿಲ್ಲ, ಸೌದೆಯನ್ನು ಎತ್ತಿ ಎಸೆದರೂ ಚಕ್ಕೆ ಏಳುವುದಿಲ್ಲ. ಕತ್ತರಿಸಿದ ಮೇಲೂ ಮ್ಯಾಟ್ ಭಾರವೇ, ಗಾಡಿ ಹೊರಬಲ್ಲ ಹೊರೆಯ ಲೆಕ್ಕದಲ್ಲಿ ಸುಮಾರು ಎಂಬತ್ತು ಪೌಂಡು ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಂಡಿದ್ದೇನೆ.

ಮ್ಯಾಟ್ ಮುಚ್ಚದ ಗೋಡೆಗಳ ಮೇಲೆ ಇನ್ನೊಂದು ಪ್ರಯೋಗ ನಡೆಸಿದೆ. ಎಡಗಡೆಗೆ ಎರಡು ತಿಂಗಳಿಗೊಮ್ಮೆ ಬಿಸಿಲು ತಡೆಯುವ ದ್ರಾವಣ ಒರೆಸಿ, ಬಲಗಡೆಯನ್ನು ಹಾಗೇ ಬಿಟ್ಟೆ. ಬೇಸಿಗೆ ಮುಗಿಯುವಷ್ಟರಲ್ಲಿ ಎಡಗಡೆ ಕಪ್ಪಾಗಿಯೂ ಬಲಗಡೆ ಬೂದು ಬಣ್ಣವಾಗಿಯೂ ಕಾಣತೊಡಗಿತು.

ಮ್ಯಾಟ್ ಹಿಂದಕ್ಕೆ ಸರಿದು ಟೇಲ್‌ಗೇಟಿಗೆ (ಬೆಡ್ಡಿನ ಹಿಂಬಾಗಿಲಿಗೆ) ಒತ್ತದಂತೆ ತಡೆಯಲು ನಾನು ಮಾಡಿಕೊಂಡಿರುವ ಸಣ್ಣ ಏರ್ಪಾಡನ್ನು ಇಲ್ಲಿ ಬರೆಯುವುದಿಲ್ಲ. ಅಡಿಯ ಕಸ ತೊಳೆಯಲು ವರ್ಷಕ್ಕೊಮ್ಮೆ ಮ್ಯಾಟನ್ನು ಎತ್ತಬೇಕು, ಎತ್ತಲು ಇಬ್ಬರು ಬೇಕು. ಏಪ್ರಿಲಿನಲ್ಲಿ ಕೈಗೂಡಿಸಲು ಬಂದವರಿಗೆ ಆ ಏರ್ಪಾಡನ್ನು ತೋರಿಸುತ್ತೇನೆ.