ಹೆಲ್ಮೆಟ್ ಒಳಗೆ ನನ್ನ ಕೂದಲಿಗೆ ಏನಾಗುತ್ತಿತ್ತು

ನಾನು ಮನೆ ಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸ ಮಾಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಕೊಡಬೇಕಾದ ರಕ್ತ ಅಂದರೆ ಬೆಳಗ್ಗೆ ಆರಕ್ಕೇ ಮೊದಲ ಮನೆ. ಬೆಂಗಳೂರಿನ ವಿಜಯನಗರದಲ್ಲಿ ಶುರುವಾಗಿ ಮಾಗಡಿ ರಸ್ತೆ, ನಾಗರಬಾವಿ, ಒಂದೊಂದು ದಿನ ಕೆಂಗೇರಿವರೆಗೂ ಹೋಗಬೇಕು. ಹತ್ತೂವರೆ ಒಳಗೆ ಹನ್ನೆರಡು ಹದಿಮೂರು ಮನೆ, ಆಮೇಲೆ ಬಾಕ್ಸ್ ಲ್ಯಾಬ್‌ಗೆ ಮುಟ್ಟಿಸಿ, ಊಟವಾಗಿ ಎರಡು ಗಂಟೆಯ ನಂತರ ಕೊಡುವ ಶುಗರ್ ಸ್ಯಾಂಪಲ್‌ಗೆ ಮತ್ತೆ ಅವೇ ಕೆಲವು ಮನೆಗಳು. ದಿನಕ್ಕೆ ಇಪ್ಪತ್ತು ಸಲ ಹೆಲ್ಮೆಟ್ ಹಾಕಿ ತೆಗೆಯುತ್ತೇನೆ. ಏಳು ವರ್ಷದಿಂದ ಇದೇ.

ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಕೂದಲು ಉದುರೋದು ಜಾಸ್ತಿಯಾಯಿತು. ಮೊದಲು ಸ್ನಾನದ ಮನೆಯ ಜಾಲರಿಯಲ್ಲಿ, ಆಮೇಲೆ ದಿಂಬಿನ ಮೇಲೆ, ಆಮೇಲೆ ಹೆಲ್ಮೆಟ್ ತಿರುಗಿಸಿ ನೋಡಿದರೆ ಅಲ್ಲೂ. ತಲೆ ತುರಿಕೆ ಬೇರೆ. ರೋಗಿಯ ಕೈಗೆ ಪಟ್ಟಿ ಕಟ್ಟಿ ನರ ಹುಡುಕುತ್ತಿರುವಾಗ ತಲೆ ಕಡಿದರೆ ಕೆರೆದುಕೊಳ್ಳುವ ಹಾಗಿಲ್ಲ, ಕೈಯಲ್ಲಿ ಗ್ಲೌಸ್ ಇರುತ್ತದೆ. ಆ ಹಿಂಸೆ ಅನುಭವಿಸಿದವರಿಗೇ ಗೊತ್ತು. ಒಂದು ದಿನ ನಾನು ಪ್ರತಿ ತಿಂಗಳು ಹೋಗುವ ಮನೆಯ ಅಜ್ಜಿ ನನ್ನ ಹಣೆ ನೋಡಿ, "ಏನಮ್ಮ, ಹಣೆ ದೊಡ್ಡದಾಗ್ತಾ ಇದೆ, ಆ ಹೆಲ್ಮೆಟ್ ಬಿಸಾಕು" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ನನಗೆ ಆ ದಿನವೆಲ್ಲ ಮನಸ್ಸು ಸರಿ ಇರಲಿಲ್ಲ.

ಅದಾದ ಮೇಲೆ ನಾನು ಮಾಡಿದ್ದು ದೊಡ್ಡ ತಪ್ಪು. ಸುಮಾರು ಮೂರು ವಾರ ಒಳರಸ್ತೆಗಳಲ್ಲಿ ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿಕೊಂಡೇ ಓಡಾಡಿದೆ. ಪೊಲೀಸರು ಹಿಡಿದರು, 500 ರೂಪಾಯಿ ದಂಡ ಕಟ್ಟಿದೆ. ಆ ಮೂರು ವಾರದಲ್ಲಿ ಕೂದಲು ಉದುರೋದು ಒಂಚೂರೂ ಕಡಿಮೆಯಾಗಲಿಲ್ಲ. ಆಗ ಯೋಚನೆ ಬಂತು. ಹೆಲ್ಮೆಟ್ಟೇ ಕಾರಣ ಆಗಿದ್ದರೆ ಸ್ವಲ್ಪವಾದರೂ ಕಡಿಮೆಯಾಗಬೇಕಿತ್ತು ಅಲ್ವಾ? ನಮ್ಮಪ್ಪ ಜೀವಮಾನದಲ್ಲಿ ಹೆಲ್ಮೆಟ್ ಹಾಕಿದವರಲ್ಲ, ಸೈಕಲ್ಲಿನಲ್ಲೇ ಓಡಾಡಿದವರು, ಮೂವತ್ತೈದಕ್ಕೇ ಅವರ ನೆತ್ತಿ ಬೋಳಾಗಿತ್ತು. ಈಗ ನನ್ನ ತಮ್ಮನದೂ ಅದೇ ಜಾಗದಿಂದ, ಅದೇ ರೀತಿ ಶುರುವಾಗಿದೆ. ಅವನು ಬೈಕಿನವನು, ಹಾಗಾಗಿ ಹೆಲ್ಮೆಟ್‌ಗೆ ಬೈಯುತ್ತಾನೆ. ಗಂಡಸರ ಬೋಳು ಹೆಚ್ಚಿನಂಶ ಮನೆತನದಿಂದ, ಹಾರ್ಮೋನಿನಿಂದ ಬರುತ್ತದೆ. ಹೆಲ್ಮೆಟ್ ಹಾಕಿದರೂ ಬರುತ್ತದೆ, ಬಿಟ್ಟರೂ ಬರುತ್ತದೆ.

ಇನ್ನೊಂದು ಮಾತನ್ನೂ ತುಂಬ ಜನ ಹೇಳುತ್ತಾರೆ, ಕೂದಲಿನ ಬುಡಕ್ಕೆ ಗಾಳಿ ಆಡಬೇಕು, ಹೆಲ್ಮೆಟ್ ಹಾಕಿದರೆ ಉಸಿರುಕಟ್ಟುತ್ತದೆ ಅಂತ. ದಿನಾ ರಕ್ತ ನೋಡುವವಳು ನಾನು, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬುಡಕ್ಕೆ ಆಮ್ಲಜನಕ ಹೋಗೋದು ರಕ್ತದಿಂದ. ಹೊರಗೆ ಕಾಣುವ ಕೂದಲಿಗೆ ಜೀವವೇ ಇಲ್ಲ, ಅದು ಉಸಿರಾಡುವುದಿಲ್ಲ.

ಹಾಗಾದರೆ ಉದುರುತ್ತಿದ್ದದ್ದು ಯಾಕೆ? ನಾನು ಮಾಡಿದ್ದು ಇಷ್ಟೇ. ಒಂದು ವಾರ, ಪ್ರತಿದಿನ ಸಂಜೆ ಹೆಲ್ಮೆಟ್ ಒಳಗೆ ಸಿಕ್ಕಿದ ಕೂದಲನ್ನೆಲ್ಲ ಎತ್ತಿ ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟೆ. ಕಿಟಕಿ ಬೆಳಕಿಗೆ ಹಿಡಿದು ಒಂದೊಂದೇ ನೋಡಿದೆ. ತನ್ನ ಕಾಲ ಮುಗಿದು ತಾನಾಗಿ ಬಿದ್ದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ, ಬಿಳಿ ಗಂಟು ಇರುತ್ತದೆ. ಬೆರಳ ಮಧ್ಯೆ ಎಳೆದರೆ ಆ ಗಂಟು ಕೈಗೆ ಹತ್ತುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಬೀಳೋದು ಸಹಜ. ನನ್ನ ಹಾಳೆಯ ಮೇಲೆ 41 ಇದ್ದವು. ಅದರಲ್ಲಿ ಗಂಟು ಇದ್ದದ್ದು 14ಕ್ಕೆ ಮಾತ್ರ. ಉಳಿದ 27 ಎರಡೂ ಕಡೆ ಗಂಟಿಲ್ಲದೆ, ಗಿಡ್ಡಗೆ, ಕೆಲವು ಬರೀ ಎರಡು ಬೆರಳಗಲ. ಅಂದರೆ ಅವು ಉದುರಿದ್ದಲ್ಲ, ಮುರಿದದ್ದು. ಉದುರೋದು ಬೇರೆ, ಮುರಿಯೋದು ಬೇರೆ, ನಾನು ಅಲ್ಲಿಯವರೆಗೂ ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಮುರಿಯುತ್ತಿದ್ದದ್ದು ಯಾಕೆ ಅಂತ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು ತಲೆಗೆ ಸ್ನಾನ, ಟವೆಲ್‌ನಲ್ಲಿ ಒಂದು ಸಲ ಒರೆಸಿ, ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ಎಣ್ಣೆ ಹಚ್ಚಿ ಬಾಚಿ, ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿ, ಅದರ ಮೇಲೆ ಹೆಲ್ಮೆಟ್. ಒದ್ದೆ ಕೂದಲು ಒಣಗಿದ ಕೂದಲಿಗಿಂತ ಜಾಸ್ತಿ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಅಂಥ ಕೂದಲಿನ ಮೇಲೆ ನಾನು ಬೆಳಗ್ಗೆ ಆರರಿಂದ ಹತ್ತರೊಳಗೆ ಹನ್ನೆರಡು ಸಲ ಹೆಲ್ಮೆಟ್ ಎಳೆದು ಹಾಕುತ್ತಿದ್ದೆ. ತೆಗೆಯುವಾಗ ಮುಂದಿನ ಅಂಚು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆ, ಅದು ಹಣೆಯ ಅಂಚಿನ ಸಣ್ಣ ಕೂದಲನ್ನೆಲ್ಲ ತನ್ನ ಜೊತೆ ಎಳೆದುಕೊಂಡೇ ಬರುತ್ತಿತ್ತು.

ಇಷ್ಟಾದರೂ ಕಿವಿಯ ಮೇಲೆ, ಹಣೆಯ ಪಕ್ಕದಲ್ಲಿ ತೆಳುವಾಗಿದ್ದ ಜಾಗದ ಬಗ್ಗೆ ಭಯವಿತ್ತು. ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಹೆಲ್ಮೆಟ್ ವಿಷಯ ಕೇಳುವ ಮೊದಲು ನನ್ನ ಜಡೆ ಬಿಚ್ಚಲು ಹೇಳಿದರು. ಬಿಚ್ಚಿದಾಗ ತಲೆ ಹಗುರವಾಯಿತಾ ಅಂತ ಕೇಳಿದರು. ಆಯಿತು, ನಿಜವಾಗಲೂ ನೋವೇ ಇಳಿದ ಹಾಗಾಯಿತು. "ಅದೇ ನಿಮ್ಮ ಕಾಯಿಲೆ" ಅಂದರು. ಕೂದಲನ್ನು ಸದಾ ಬಿಗಿಯಾಗಿ ಎಳೆದು ಕಟ್ಟಿದರೆ ಅಂಚಿನ ಬುಡಗಳು ಸೋಲುತ್ತವೆ, ಇದನ್ನು ಟ್ರಾಕ್ಷನ್ ಅಲೋಪೇಶಿಯಾ ಅನ್ನುತ್ತಾರೆ. ಪೇಟ ಕಟ್ಟುವ ಸಿಖ್ ಗಂಡಸರಲ್ಲೂ, ಬಿಗಿಯಾಗಿ ಗಂಟು ಹಾಕಿದರೆ ಇದೇ ಆಗುತ್ತದಂತೆ, ತಪ್ಪು ಪೇಟದ್ದಲ್ಲ, ಒಳಗಿನ ಬಿಗಿ ಗಂಟಿನದು. ಬೇಗ ಸಡಿಲ ಮಾಡಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬುಡವೇ ಮುಚ್ಚಿಹೋಗುತ್ತದೆ, ಆಮೇಲೆ ಯಾವ ಎಣ್ಣೆಯಿಂದಲೂ ಬರುವುದಿಲ್ಲ. ಹೆಲ್ಮೆಟ್ ಜಾರಬಾರದು, ಕೂದಲು ಕಣ್ಣಿಗೆ ಬರಬಾರದು ಅಂತ ನಾನೇ ಆ ಬಿಗಿ ಹಾಕಿಕೊಂಡಿದ್ದೆ.

ತುರಿಕೆ ತಲೆಹೊಟ್ಟಿನದು. ಮಲಸೀಸಿಯಾ ಅನ್ನುವ ಒಂದು ಬಗೆಯ ಯೀಸ್ಟ್ ಎಲ್ಲರ ತಲೆಯಲ್ಲೂ ಇರುತ್ತದೆ. ಚರ್ಮದ ಜಿಡ್ಡೇ ಅದಕ್ಕೆ ಊಟ, ಬಿಸಿ ಮತ್ತು ತೇವ ಇದ್ದರೆ ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಒದ್ದೆ ತಲೆ, ಮೇಲೆ ಎಣ್ಣೆ, ಅದರ ಮೇಲೆ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಹೆಲ್ಮೆಟ್, ನಾನೇ ಅದಕ್ಕೆ ಮನೆ ಕಟ್ಟಿಕೊಟ್ಟಿದ್ದೆ. ಡಾಕ್ಟರ್ ಕೀಟೋಕೊನಜೋಲ್ 2% ಶಾಂಪೂ ಬರೆದುಕೊಟ್ಟರು. ವಾರಕ್ಕೆ ಎರಡು ಸಲ, ನಾಲ್ಕು ವಾರ. ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ತಕ್ಷಣ ತೊಳೆದರೆ ಏನೂ ಪ್ರಯೋಜನವಿಲ್ಲ, ಕೂದಲಿಗಲ್ಲ, ತಲೆಯ ಚರ್ಮಕ್ಕೆ ಹಚ್ಚಬೇಕು. ಎರಡನೇ ವಾರಕ್ಕೆ ತುರಿಕೆ ನಿಂತಿತು. ಎಣ್ಣೆ ವಿಷಯಕ್ಕೆ ಅಮ್ಮನ ಜೊತೆ ಸ್ವಲ್ಪ ಜಗಳವಾಯಿತು. ಹೊಟ್ಟು ಬಂದರೆ ತಲೆ ಒಣಗಿದೆ ಅಂತ ಇನ್ನಷ್ಟು ಎಣ್ಣೆ ತಟ್ಟೋದು ನಮ್ಮ ಮನೆ ಪದ್ಧತಿ, ಅದರಿಂದಲೇ ಹೊಟ್ಟು ಜಾಸ್ತಿಯಾಗುತ್ತದೆ ಅಂದರೆ ಅವರು ನಂಬಲಿಲ್ಲ. ಈಗ ರಜೆ ದಿನ, ಸ್ನಾನಕ್ಕೆ ಒಂದು ಗಂಟೆ ಮುಂಚೆ, ಕೂದಲಿನ ಉದ್ದಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಸವರಿ ತೊಳೆದುಬಿಡುತ್ತೇನೆ. ಎಣ್ಣೆ ತಲೆಯ ಮೇಲೆ ಹೆಲ್ಮೆಟ್ ಹಾಕುವುದೇ ಇಲ್ಲ.

ಇನ್ನು ಆ 14 ಗಂಟಿನ ಕೂದಲು, ದಿಂಬಿನ ಮೇಲಿನ ಕೂದಲು, ಅದಕ್ಕೆ ಕಾರಣ ರಕ್ತದಲ್ಲಿತ್ತು. ಎಷ್ಟೋ ಸಾವಿರ ಜನರ ರಕ್ತ ತೆಗೆದ ನಾನು ನನ್ನದು ಕೊಟ್ಟು ಮೂರು ವರ್ಷವಾಗಿತ್ತು. ಹಿಮೋಗ್ಲೋಬಿನ್ 12.1 ಬಂತು, ಪರವಾಗಿಲ್ಲ ಅನ್ನುವ ಹಾಗೆ. ಆದರೆ ಫೆರಿಟಿನ್ 9. ದೊಡ್ಡವರಲ್ಲಿ 15ಕ್ಕಿಂತ ಕಡಿಮೆ ಅಂದರೆ ದೇಹದ ಕಬ್ಬಿಣದ ದಾಸ್ತಾನು ಖಾಲಿ ಅಂತ ಲೆಕ್ಕ. ಬರೀ ಹಿಮೋಗ್ಲೋಬಿನ್ ನೋಡಿ ಸುಮ್ಮನಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಾನು ಹೋಗುವ ಮನೆಗಳ ಹೆಂಗಸರಿಗೆ ಈಗ ಇದನ್ನು ಹೇಳುತ್ತೇನೆ, ಕೂದಲು ತುಂಬ ಉದುರುತ್ತಿದ್ದರೆ ಡಾಕ್ಟರನ್ನು ಕೇಳಿ ಫೆರಿಟಿನ್ ಮತ್ತು ಥೈರಾಯ್ಡ್ ಎರಡನ್ನೂ ಮಾಡಿಸಿ ಅಂತ. ಎರಡು ಮೂರು ತಿಂಗಳ ಹಿಂದೆ ಡೆಂಗಿಯೋ ಜೋರು ಜ್ವರವೋ ಬಂದಿತ್ತಾ ಅಂತಲೂ ನೆನಪು ಮಾಡಿಕೊಳ್ಳಿ. ಜ್ವರ ಬಂದಾಗ ಉದುರುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಉದುರುತ್ತದೆ, ಅಷ್ಟರಲ್ಲಿ ಜ್ವರ ಮರೆತು ಹೋಗಿರುತ್ತದೆ, ಕಣ್ಣೆದುರು ಇರುವ ಹೆಲ್ಮೆಟ್ ಮೇಲೆ ಅಪವಾದ ಬರುತ್ತದೆ. ನನಗೆ ಕಬ್ಬಿಣದ ಮಾತ್ರೆ ಕೊಟ್ಟರು. ಕಾಫಿ ಟೀ ಜೊತೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ರಾತ್ರಿ ನಿಂಬೆ ನೀರಿನ ಜೊತೆ ತಗೊಂಡೆ.

ಹೆಲ್ಮೆಟ್ ಮೇಲೂ ಒಂದು ತಪ್ಪಿತ್ತು, ಅದನ್ನೂ ಹೇಳಬೇಕು. ನಾನು ಹಾಕುತ್ತಿದ್ದದ್ದು ನನ್ನ ಗಂಡನ ಹಳೆಯ ಹೆಲ್ಮೆಟ್, 600 ಎಂಎಂ ಅಂತ ಹಿಂದೆ ಬರೆದಿತ್ತು. ಟೈಲರ್ ಟೇಪ್ ತಗೊಂಡು ಹುಬ್ಬಿನ ಮೇಲಿಂದ, ಹಿಂದೆ ತಲೆ ಉಬ್ಬಿರುವ ಕಡೆಯಿಂದ ಸುತ್ತಿ ಅಳೆದರೆ ನನ್ನ ತಲೆ 56 ಸೆಂಟಿಮೀಟರ್. ನಾಲ್ಕು ಸೆಂಟಿಮೀಟರ್ ಸಡಿಲ! ನಾಗರಬಾವಿ ಒಳರಸ್ತೆಯ ಗುಂಡಿಗಳಲ್ಲಿ ಅದು ತಲೆಯ ಮೇಲೆ ಹಿಂದೆ ಮುಂದೆ ಉಜ್ಜುತ್ತಲೇ ಇತ್ತು. ಬಿದ್ದರೆ ತಲೆಯಲ್ಲಿ ಉಳಿಯುತ್ತಲೂ ಇರಲಿಲ್ಲ. ಐಎಸ್ಐ ಗುರುತಿರುವ, ಒಳಗಿನ ಬಟ್ಟೆ ಬಿಚ್ಚಲು ಬರುವ ನನ್ನ ಅಳತೆಯದು ತಗೊಂಡೆ. 2021ರ ಜೂನ್ 1ರಿಂದ ಈ ಗುರುತಿಲ್ಲದ ಹೆಲ್ಮೆಟ್ ಮಾರುವ ಹಾಗಿಲ್ಲ, ಆದರೂ ರಸ್ತೆ ಬದಿಯಲ್ಲಿ ಸಿಗುತ್ತವೆ, ದಯವಿಟ್ಟು ಬೇಡ.

ಹಳೆಯ ಹೆಲ್ಮೆಟ್ ಒಂದು ಸಲವೂ ತೊಳೆದಿರಲಿಲ್ಲ. ಹೊಸದರ ಒಳಬಟ್ಟೆಯನ್ನು ತಿಂಗಳಾದ ಮೇಲೆ ಮೊದಲ ಸಲ ಬಿಚ್ಚಿದೆ. ಕೆನ್ನೆಯ ಎರಡು ಮೆತ್ತೆ ಪಟ್ ಪಟ್ ಅಂತ ಗುಂಡಿ ಬಿಟ್ಟುಕೊಂಡು ಬಂದವು, ನೆತ್ತಿಯದು ಮುಂದಿನ ಪಟ್ಟಿಯಿಂದ ಮೆಲ್ಲಗೆ ಎಳೆಯಬೇಕಾಯಿತು. ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರು, ಒಂದು ಚಮಚ ಮಕ್ಕಳ ಶಾಂಪೂ, ಹತ್ತು ನಿಮಿಷ ನೆನೆಸಿದೆ. ಹಿಂಡದೆ ಅಂಗೈಯಲ್ಲಿ ಒತ್ತಿದಾಗ ನೀರು ಹಾಲಿಲ್ಲದ ಟೀ ಬಣ್ಣಕ್ಕೆ ತಿರುಗಿತು. ಒಂದೇ ತಿಂಗಳ ಬೆವರು ಮತ್ತು ಧೂಳು ಅದು. ಇದನ್ನೇ ದಿನಾ ತಲೆಗೆ ಒತ್ತಿಕೊಳ್ಳುತ್ತಿದ್ದೆ ಅಂದಾಗ ಬೇಜಾರಾಯಿತು. ಮೂರು ಸಲ ನೀರು ಬದಲಿಸಿ, ನೆರಳಿನಲ್ಲಿ ಒಂದು ದಿನ ಪೂರ್ತಿ ಒಣಗಿಸಿದೆ. ಈಗ ಹದಿನೈದು ದಿನಕ್ಕೊಮ್ಮೆ, ಶನಿವಾರ ಸಂಜೆ ತೊಳೆದರೆ ಸೋಮವಾರ ಬೆಳಗ್ಗೆಗೆ ಸಿದ್ಧ. ಒಳಗಿನ ಥರ್ಮೋಕೋಲ್ ಪದರಕ್ಕೆ ಒದ್ದೆ ಬಟ್ಟೆ ಮಾತ್ರ, ಪೆಟ್ರೋಲ್ ಥಿನ್ನರ್ ತಾಗಿಸಲೇಬಾರದು, ಕರಗಿ ಹೋಗುತ್ತದೆ. ಬಿದ್ದಾಗ ತಲೆ ಉಳಿಸುವುದು ಅದೇ ಪದರ.

ತಲೆಗೆ ಅಮ್ಮನ ಹಳೆಯ ಕಾಟನ್ ಸೀರೆ ಹರಿದು ಆರು ಚೌಕ ಮಾಡಿಕೊಂಡಿದ್ದೇನೆ. ಹೊಸ ಬಟ್ಟೆ ಒರಟು, ಹಳೆಯದು ಮೆತ್ತಗೆ. ಬೆಳಗ್ಗೆ ಒಂದು, ಲ್ಯಾಬ್‌ನಿಂದ ಹೊರಡುವಾಗ ಇನ್ನೊಂದು. ಒದ್ದೆಯಾದದ್ದನ್ನು ಮತ್ತೆ ಕಟ್ಟಿದರೆ ಬಟ್ಟೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ತೆಳ್ಳಗೆ ಒಂದೇ ಸುತ್ತು ಇರಬೇಕು, ದಪ್ಪ ಮಾಡಿದರೆ ಹೆಲ್ಮೆಟ್ ಮೇಲಕ್ಕೆ ಕೂರುತ್ತದೆ. ಜಡೆ ಈಗ ಸಡಿಲ, ಕುತ್ತಿಗೆಯ ಹತ್ತಿರ ಬಟ್ಟೆ ಸುತ್ತಿದ ಬ್ಯಾಂಡ್. ಬೈತಲೆ ವಾರಕ್ಕೊಮ್ಮೆ ಬದಲು. ದೊಡ್ಡ ಕ್ಲಿಪ್, ಎತ್ತರದ ತುರುಬು ಇಲ್ಲ. ತಲೆಸ್ನಾನ ಸಂಜೆಗೆ ಹೋಯಿತು, ವಾರಕ್ಕೆ ಮೂರು ಸಲ, ಬೆಳಗ್ಗೆ ಹೊರಡುವಾಗ ಕೂದಲು ಪೂರ್ತಿ ಒಣಗಿರುತ್ತದೆ. ಹೆಲ್ಮೆಟ್ ತೆಗೆಯುವಾಗ ಎರಡೂ ಕಡೆಯ ಪಟ್ಟಿ ಹಿಡಿದು ಸ್ವಲ್ಪ ಅಗಲಿಸಿ ನೇರ ಮೇಲಕ್ಕೆ ಎತ್ತುತ್ತೇನೆ. ಮೊದಮೊದಲು ಮರೆಯುತ್ತಿದ್ದೆ, ಒಂದು ತಿಂಗಳಲ್ಲಿ ಕೈಗೆ ರೂಢಿಯಾಯಿತು.

ಹಿಂದೆ ಕೂರುವವರಿಗೆ ಬೇರೆ ಹೆಲ್ಮೆಟ್ ಇಟ್ಟಿದ್ದೇನೆ. ಮಗಳಿಗೆ ಶಾಲೆಯಿಂದ ಹೇನು ಬಂದಾಗ ಅವಳು ನನ್ನದನ್ನೇ ಹಾಕಿಕೊಂಡಿದ್ದಳು, ಆ ಕಥೆ ಬೇಡ.

ಫಲ ಕಾಣಲು ಸಮಯ ಹಿಡಿಯಿತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅದಕ್ಕಿಂತ ಬೇಗ ಯಾವುದೂ ಬೆಳೆಸುವುದಿಲ್ಲ. ಮೂರನೇ ತಿಂಗಳಿಗೆ ಹಾಳೆಯ ಮೇಲಿನ ಲೆಕ್ಕ 41ರಿಂದ 17ಕ್ಕೆ ಇಳಿದಿತ್ತು, ಮುರಿದವು ಅದರಲ್ಲಿ ನಾಲ್ಕೇ. ಐದನೇ ತಿಂಗಳಲ್ಲಿ ಹಣೆಯ ಅಂಚಿನಲ್ಲಿ ಮಗುವಿನ ಕೂದಲಿನ ಹಾಗೆ ಸಣ್ಣಗೆ ನಿಂತುಕೊಂಡವು, ಬಟ್ಟೆ ಕಟ್ಟುವಾಗ ಬೆರಳಿಗೆ ಚುಚ್ಚುತ್ತಿದ್ದವು, ನನಗೆ ಕಣ್ಣು ತುಂಬಿ ಬಂತು. ಫೆರಿಟಿನ್ ಆರು ತಿಂಗಳಿಗೆ 38ಕ್ಕೆ ಏರಿತು. ಬಲಗಡೆ ಪೂರ್ತಿ ತುಂಬಿದೆ. ಎಡಗಿವಿಯ ಮೇಲೆ, ರಬ್ಬರ್ ಬ್ಯಾಂಡ್ ಎಳೆತ ಜಾಸ್ತಿ ಇದ್ದ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ನುಣುಪಾಗಿಯೇ ಇದೆ. ಅಲ್ಲಿ ಬರಲಿಕ್ಕಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಕೂದಲನ್ನು ಆ ಕಡೆಗೆ ಬಾಚಿ ಮುಚ್ಚಿಕೊಳ್ಳುತ್ತೇನೆ, ಹೆಲ್ಮೆಟ್ ಹಾಕುತ್ತೇನೆ, ಆರಕ್ಕೆ ಮೊದಲ ಮನೆ.